ಮೆಣಸಿನಕಾಯಿಯ ತವರುಮನೆ

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ದಿನ ಮೆಣಸಿನಕಾಯಿಗೆ ಅಡುಗೆಮನೆಯೊಳಗೆ ಪ್ರವೇಶವಿಲ್ಲ. ಒಂದು ಮಾವನವರ ಶ್ರಾದ್ಧದ ದಿನ, ಇನ್ನೊಂದು ಪಕ್ಷಮಾಸದ ದಿನ. ಅಂದು ಸಾರಿಗೆ ಕರಿಮೆಣಸು, ಪಲ್ಯಕ್ಕೆ ಹಸಿಶುಂಠಿ. ಬಟಾಟಿ, ಟೊಮ್ಯಾಟೊ, ಕೋಬಿ ಇವುಗಳ ಬುಟ್ಟಿಯನ್ನು ಹಿಂದಿನ ರಾತ್ರಿಯೇ ನಡುಮನೆಗೆ ಸಾಗಿಸಿಬಿಡಬೇಕು. ಬಾಳೆಕಾಯಿ, ಹಾಗಲಕಾಯಿ, ಕೆಸುವಿನ ಎಲೆ ಮಾತ್ರ ಒಳಗೆ.

ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅತ್ತೆಯವರನ್ನು ಕೇಳಿದ್ದೆ, “ಮೆಣಸಿನಕಾಯಿ ಯಾಕ ಬ್ಯಾಡ್ರಿ?”

“ವಿಲಾಯತಿ ಕಾಯಿಪಲ್ಯ ಹಿರಿಯರಿಗೆ ನಡಿಯೂದಿಲ್ಲವ್ವಾ. ಅವರು ಉಂಡಿದ್ದನ್ನ ಅವರಿಗೆ ಬಡಸಬೇಕು.”

ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು. ಆದರೂ ಅಂದು ಆ ಮಾತು ನನಗೆ ಬರೀ ಮಡಿಯ ಮಾತಾಗಿ ಕೇಳಿಸಿತು. ನಾಲ್ಕನೆಯ ಇಯತ್ತೆಯಷ್ಟೇ ಓದಿದ್ದ ಅವರು ನನ್ನ ಪಠ್ಯಪುಸ್ತಕದಲ್ಲಿಲ್ಲದ ಇತಿಹಾಸವನ್ನು ಹೇಳಿದ್ದರು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಅಷ್ಟರಲ್ಲಿ ಒಬ್ಬ ಗೆಳತಿಯ ಮನಸ್ಸನ್ನೂ ನೋಯಿಸಿದ್ದೆ. ಆ ಕತೆಯನ್ನೇ ಮೊದಲು ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಸವಣೂರಿನಲ್ಲಿ, ಕೊಟ್ಟ ಮನೆ ಶಿಗ್ಗಾವಿ, ನೌಕರಿ ಸಿಕ್ಕಿದ್ದು ಹಾನಗಲ್ಲಿನಲ್ಲಿ. ಆಗಿನ್ನೂ ನಮ್ಮದು ಧಾರವಾಡ ಜಿಲ್ಲೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂಕಾಪುರದ ಮೇಲೆ ಹಾದುಹೋಗುವ ಬಸ್ಸು ಹತ್ತಿದರೆ ಸಂಜೆಯೇ ಮನೆ. ಶಾಲೆಯಲ್ಲಿ ನನ್ನ ಪಕ್ಕದ ಕುರ್ಚಿ ಹಿಂದಿ ಟೀಚರದು. ಬಂಟ್ವಾಳದ ಕಡೆಯವರು, ಕೊಂಕಣಿ ಮಾತಾಡುವ ಕೆಥೋಲಿಕರು. ನಮ್ಮ ಕಡೆ ಹಿರಿಯರಿಗೆ ಗೊತ್ತಿದ್ದದ್ದು ಹುಬ್ಬಳ್ಳಿ, ಧಾರವಾಡದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಕ್ರೈಸ್ತರು. ಇವರು ಬೇರೆ, ಇವರ ಪಾದ್ರಿ ಬೇರೆ, ಇವರ ಹಬ್ಬ ಬೇರೆ ಎಂಬುದು ನನಗೂ ಗೊತ್ತಾದದ್ದು ಅವರ ಪರಿಚಯದ ಮೇಲೆಯೇ.

1996ರ ಕ್ರಿಸ್‌ಮಸ್ ಮುಗಿಸಿ ಊರಿನಿಂದ ಬಂದವರು ನನಗೊಂದು ಸ್ಟೀಲಿನ ಡಬ್ಬಿ ಕೊಟ್ಟರು. “ಕುಸ್ವಾರ್ ಟೀಚರ್, ಅಮ್ಮ ಮಾಡಿದ್ದು.” ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ. ಅತ್ತೆಯವರು ಹೊಸ್ತಿಲಲ್ಲೇ ತಡೆದರು. “ತತ್ತಿ ಹಾಕಿರ್ತಾರ, ಏನ್ ಹಾಕಿರ್ತಾರೋ. ಒಳಗ ತರಬ್ಯಾಡ.” ನಾನು ಒಂದು ಮಾತೂ ಆಡಲಿಲ್ಲ. ಮುಚ್ಚಳ ತೆಗೆದು ನೋಡಲೂ ಇಲ್ಲ. ಮುಸುರೆ ತಿಕ್ಕುವವಳಿಗೆ ಹೇಳಿ ಖಾಲಿ ಮಾಡಿಸಿದೆ. ಖಾಲಿ ಡಬ್ಬಿ ಮರಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಮರುದಿನ ಕೊಟ್ಟು, “ಭಾಳ ಛಲೋ ಆಗಿದ್ದವ್ರಿ” ಎಂದೆ.

ಮರುವರ್ಷ ಆಗಸ್ಟಿನಲ್ಲಿ ನಮ್ಮದು ಹಾವೇರಿ ಜಿಲ್ಲೆಯಾಯಿತು. ಡಿಸೆಂಬರ್ ಬಂತು. ರಜೆಗೆ ಹೊರಡುವ ಮುನ್ನ ಅವರು ಕೇಳಿದರು, “ಹೋದ ವರ್ಷ ಯಾವುದು ನಿಮಗೆ ಹಿಡಿಸಿತು? ಅದನ್ನೇ ಜಾಸ್ತಿ ತರ್ತೇನೆ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಯಾರ ಮನೆಯ ಹಬ್ಬವಾದರೂ ಇದ್ದೇ ಇರುತ್ತದೆ ಎಂದುಕೊಂಡು “ಚಕ್ಕುಲಿ” ಎಂದುಬಿಟ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಚಕ್ಕುಲಿ ನಾನು ಹಾಕಿರಲಿಲ್ಲ ಮಾರಾಯ್ರೆ. ಬಸ್ಸಿನಲ್ಲಿ ಪುಡಿಯಾಗ್ತದೆ ಅಂತ ಮನೆಯಲ್ಲೇ ಬಿಟ್ಟಿದ್ದೆ.” ಇಷ್ಟು ಹೇಳಿ, ನನ್ನ ಮುಖ ನೋಡದೆ, “ಈ ಸಲ ಮೊಟ್ಟೆ ಹಾಕದೆ ಮಾಡಿಸ್ತೇನೆ” ಎಂದು ಹಾಜರಿ ಪುಸ್ತಕ ಎತ್ತಿಕೊಂಡು ವರ್ಗಕ್ಕೆ ಹೋದರು.

ಅವರು ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು. ಆ ದಿನ ಬಂಕಾಪುರ ದಾಟುವ ತನಕ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತ ಕೂತೆ. ನಾವು ಬೇಡವೆಂದದ್ದು ಏನನ್ನು, ನಮ್ಮದು ಎಂದು ಹಿಡಿದುಕೊಂಡದ್ದು ಏನನ್ನು ಎಂದು ಹುಡುಕಬೇಕೆನ್ನಿಸಿದ್ದು ಅಂದಿನಿಂದ.

ಹುಡುಕುತ್ತ ಹೋದರೆ ಮೊದಲು ಸಿಕ್ಕಿದ್ದು ಆ ಬಂಕಾಪುರವೇ. 1510ರ ನವೆಂಬರ್ 25ರಂದು ಅಲ್ಬುಕರ್ಕ್ ಬಿಜಾಪುರದವರ ಕೈಯಿಂದ ಗೋವೆಯನ್ನು ಗೆದ್ದುಕೊಂಡ. ಆಗ ಎಲ್ಲ ಅರಸರಿಗೂ ಬೇಕಾದದ್ದು ಅರಬಸ್ತಾನದಿಂದ ಹಡಗಿನಲ್ಲಿ ಬರುವ ಕುದುರೆ. ಆ ವ್ಯಾಪಾರದ ಬೀಗ ಪೋರ್ತುಗೀಸರ ಕೈಗೆ ಬಂತು. 1512ರ ಸುಮಾರಿಗೆ ನಮ್ಮ ಬಂಕಾಪುರದ ಅರಸ ಅಲ್ಬುಕರ್ಕನ ಬಳಿಗೆ ದೂತರನ್ನು ಕಳಿಸಿ, ವರ್ಷಕ್ಕೆ ಮುನ್ನೂರು ಕುದುರೆ ತರಿಸಿಕೊಳ್ಳಲು ಅಪ್ಪಣೆ ಕೇಳಿದ. ಬಂಕಾಪುರ ವಿಜಯನಗರದ ಹಾದಿಯಲ್ಲಿತ್ತು, ಅಲ್ಲಿ ಜೀನು ಮಾಡುವ ಕಸಬುದಾರರೂ ಇದ್ದರು. ಹೀಗಾಗಿ ಅಪ್ಪಣೆ ಸಿಕ್ಕಿತು. ನಾನು ದಿನಾ ಟಿಕೆಟು ತೆಗೆಸಿ ನಿದ್ದೆ ಮಾಡುತ್ತಿದ್ದ ದಾರಿಯ ಊರಿಗೆ ಲಿಸ್ಬನ್ನಿನ ಗುರುತು ಇತ್ತೆಂಬುದು ನನಗೆ ಗೊತ್ತೇ ಇರಲಿಲ್ಲ.

ಪೋರ್ತುಗೀಸರು ಇಲ್ಲಿಗೆ ಬಂದದ್ದು ಕರಿಮೆಣಸಿಗಾಗಿ. 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಒಯ್ದದ್ದು ಮೆಣಸು, ಬಿಟ್ಟುಹೋದದ್ದು ಮೆಣಸಿನಕಾಯಿ. ಅದರ ತವರು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. ಎರಡು ವರ್ಷ ಕಳೆದು ಕಬ್ರಾಲ್ ಎಂಬವನು ಬ್ರೆಜಿಲ್ ಮುಟ್ಟಿ, ಅದೇ ಪಯಣದಲ್ಲಿ ಕಲ್ಲಿಕೋಟೆಗೂ ಬಂದ. ಹೀಗೆ ಎರಡು ದಂಡೆಗಳ ನಡುವೆ ಹಡಗು ಓಡಾಡತೊಡಗಿದ ಮೇಲೆ ಮೆಣಸಿನಕಾಯಿ, ಗೋಡಂಬಿ, ಅನಾನಸು, ಪೇರಲ, ಪಪ್ಪಾಯಿ ಒಂದೊಂದೇ ಗೋವೆಯಲ್ಲಿ ಇಳಿದವು. ಕುದುರೆ ಬಂದ ಹಾದಿ, ಎತ್ತಿನ ಬೆನ್ನ ಮೇಲೆ ಉಪ್ಪು ಘಟ್ಟ ಹತ್ತಿದ ಹಾದಿ, ಇಂಥ ಹಾದಿಗಳಿಂದಲೇ ಅವು ನಮ್ಮ ಬಯಲಿಗೂ ಬಂದಿರಬೇಕು. ಬಂದ ಹೊಸ ಕಾಯಿಗೆ ನಮ್ಮ ಹೆಣ್ಣುಮಕ್ಕಳು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹಾಗೆ ಖಾರ, ಆದ್ದರಿಂದ ಮೆಣಸಿನಕಾಯಿ.

ಅಂದ ಮೇಲೆ ಹಾನಗಲ್ಲಿನ ತಾರಕೇಶ್ವರ ಗುಡಿ ಕಟ್ಟಿದ ಕಾಲದಲ್ಲಿ ಆ ಊರಿನ ಯಾವ ಒಲೆಯ ಮೇಲೂ ಮೆಣಸಿನಕಾಯಿಯ ಒಗ್ಗರಣೆ ಸಿಡಿದಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ದೊಡ್ಡ ಭಾಗವೇ ಇದೆ. ಅಲ್ಲಿಯೂ ಖಾರಕ್ಕೆ ಕರಿಮೆಣಸೇ. ನಮ್ಮ ಶ್ರಾದ್ಧದ ಸಾರು ಆ ಕಾಲದ್ದು. ಅತ್ತೆಯವರು ಹೇಳಿದ್ದು ಅಕ್ಷರಶಃ ನಿಜ.

ಆದರೆ ಶ್ರಾದ್ಧ ಮುಗಿದ ಮರುದಿನ ನಾವೇನು ಉಣ್ಣುತ್ತೇವೆ? ರೊಟ್ಟಿಗೆ ಕೆಂಪು ಖಾರ, ಶೇಂಗಾ ಚಟ್ನಿ. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ಹಬ್ಬಕ್ಕೆ ಶೇಂಗಾ ಹೋಳಿಗೆ. ಇನ್ನು ಉಪವಾಸದ ಚೋದ್ಯ ಕೇಳಿ. ನಿರಾಹಾರ ಏಕಾದಶಿ ಮಾಡುವವರ ಮಾತು ಬೇರೆ. ಆದರೆ ಸಂಕಷ್ಟಿಗೆ, ಶಿವರಾತ್ರಿಗೆ ನಾವು ಮಾಡುವ ಫರಾಳ ಯಾವುದು? ಸಾಬೂದಾಣಿ ಖಿಚಡಿ. ಸಾಬೂದಾಣಿ ಆಗುವುದು ಮರಗೆಣಸಿನಿಂದ, ಅದರ ತವರು ಬ್ರೆಜಿಲ್ ಕಡೆ. ಅದಕ್ಕೆ ಹಾಕುವ ಬಟಾಟಿ, ಶೇಂಗಾಪುಡಿ, ಹಸಿಮೆಣಸಿನಕಾಯಿ ಎಲ್ಲವೂ ಅದೇ ದಿಕ್ಕಿನವು. ಶ್ರಾದ್ಧದ ದಿನ ಹೊರಗೆ ಕೂತ ಬಟಾಟಿ ಉಪವಾಸದ ದಿನ ದೇವರ ಮುಂದೆ ಕೂಡುತ್ತದೆ. ಹಿರೇಕೆರೂರಿಗೆ ವರ್ಗವಾಗಿ ಹೋದಾಗ ನೋಡಿದೆ, ಸುತ್ತ ಎಲ್ಲಿ ನೋಡಿದರೂ ಗೋವಿನಜೋಳ. ಅದೂ ಅಮೆರಿಕದಿಂದ ಬಂದ ಬೆಳೆ. ಆ ಹೆಸರಿನಲ್ಲಿ ಎಲ್ಲರಿಗೂ ಆಕಳು ಕಾಣಿಸಿದರೆ ನನಗೆ ಗೋವೆಯೂ ಕೇಳಿಸುತ್ತದೆ.

ಮಾತಿಗೂ ಅದೇ ಗತಿ. ಒಮ್ಮೆ ವರ್ಗದಲ್ಲಿ ಪೋರ್ತುಗೀಸ ಶಬ್ದಗಳನ್ನು ಹಲಗೆಯ ಮೇಲೆ ಬರೆದೆ. ಪಗಾರ, ಚಾವಿ, ಅಲಮಾರಿ, ಲಿಲಾವು, ತುರಂಗ, ತಂಬಾಕು, ಬಟಾಟಿ, ಕೋಬಿ. ಮಕ್ಕಳು ನಂಬಲೇ ಇಲ್ಲ. “ಇವು ನಮ್ಮನಿ ಮಾತರಿ ಅಕ್ಕೋರ” ಎಂದರು. ತಿಂಗಳ ಪಗಾರ ತಂದು ಅಲಮಾರಿಯಲ್ಲಿಟ್ಟು ಚಾವಿ ಹಾಕುವಷ್ಟರಲ್ಲಿ ನಾವು ಮೂರು ಸಲ ಪೋರ್ತುಗೀಸ ಆಡಿರುತ್ತೇವೆ.

ಇನ್ನು ಗೆಳತಿಯ ಡಬ್ಬಿಗೆ ಬರುತ್ತೇನೆ. 1997ರ ಕ್ರಿಸ್‌ಮಸ್ಸಿಗೆ ಅವರು ಹೇಳಿದಂತೆ ಮೊಟ್ಟೆಯಿಲ್ಲದ ಕುಸ್ವಾರ್ ತಂದರು. ಈ ಸಲ ನಾನು ಸಿಬ್ಬಂದಿ ಕೋಣೆಯಲ್ಲೇ ಅವರ ಎದುರು ಮುಚ್ಚಳ ತೆಗೆದೆ. ‘ಕುಸ್ವಾರ್’ ಎಂಬ ಹೆಸರು ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಪೋರ್ತುಗೀಸರು ಹೇಳುವ ‘ಕೊನ್ಸೊವಾದಾ’ದಿಂದ ಬಂದದ್ದಂತೆ. ಒಳಗೆ ನೋಡಿದರೆ ಕರ್ಚಿಕಾಯಿ! ಅವರು ಅದಕ್ಕೆ ನೆವ್ರಿ ಎನ್ನುತ್ತಾರೆ. ಗೋವೆಯ ಹಿಂದೂಗಳ ಮನೆಯಲ್ಲೂ ಅದೇ ಹೆಸರು. ಕಿಡಿಯೊ ಎಂಬ ಸುರುಳಿ ಮಾತ್ರ ಪರದೇಶದ ರೂಪದ್ದು. ಮೈದಾಕ್ಕೆ ತೆಂಗಿನ ಹಾಲು ಹಾಕಿ ನಾದಿ, ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುತ್ತಾರೆ. “ಪೋರ್ತುಗಾಲಿನಲ್ಲಿ ತೆಂಗಿನಕಾಯಿ ಎಲ್ಲಿ ಬಂತು ಟೀಚರ್? ಹಾಲು ನಮ್ಮದು” ಎಂದರು. ನಮ್ಮ ಕಡೆ ಮದುವೆಗೆ ಹೆಂಗಸರೆಲ್ಲ ಕೂತು ಗವಲಿ ಹೊಸೆಯುವ ಹಾಗೆ ಅವರಲ್ಲಿ ಡಿಸೆಂಬರಿನಲ್ಲಿ ಕಿಡಿಯೊ ಹೊಸೆಯುತ್ತಾರೆ. ನಾನು ಎರಡು ತಿಂದೆ. ನನಗೆ ಅದರ ರುಚಿಗಿಂತ ಅವರ ಮುಖ ನೆನಪಿದೆ.

ಅವರಿಂದ ಕೇಳಿ ತಿಳಿದದ್ದು ಬಹಳ. ವಿಂಡಾಲೂ ಎಂದರೆ ನಾನು ಆಲೂಗಡ್ಡೆಯ ಪಲ್ಯ ಎಂದುಕೊಂಡಿದ್ದೆ. ಅದು ‘ವಿನ್ಯ ದಾಲ್ಯುಸ್’, ಅಂದರೆ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿ. ಹಂದಿ ಮಾಂಸವನ್ನು ಹಡಗಿನಲ್ಲಿ ಕೆಡದಂತೆ ಹುಳಿಯಲ್ಲಿಡುವ ಕ್ರಮ ಅದು. ಗೋವೆಗೆ ಬಂದ ಮೇಲೆ ದ್ರಾಕ್ಷಾರಸದ ಜಾಗಕ್ಕೆ ಶೇಂದಿಯ ಹುಳಿ ಬಂತು, ಮೆಣಸಿನಕಾಯಿ ಸೇರಿತು. ಪಾವ್ ಕೂಡ ಹಾಗೆಯೇ. ಹಿಟ್ಟು ಹುಳಿ ಬರಿಸಲು ಶೇಂದಿ ಹಾಕಿದರು. ನಮ್ಮ ಇಡ್ಲಿಯಂಥ ಸಾನ್ನಕ್ಕೂ ಅದೇ ಶೇಂದಿ. ನಾನು ಸಸ್ಯಾಹಾರಿ. ಇವುಗಳಲ್ಲಿ ಎಷ್ಟೋ ತಿಂದವಳಲ್ಲ, ತಿನ್ನುವವಳೂ ಅಲ್ಲ. ಆದರೆ ಕತೆ ಕೇಳಲು ಮಡಿ ಅಡ್ಡ ಬರಲಿಲ್ಲ.

ಅವರ ಹಬ್ಬಗಳಲ್ಲಿ ನನಗೆ ಹಿಡಿಸಿದ್ದು ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಮೇರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಹೂ ಒಯ್ದು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಅಂದು ಮಾಂಸವಿಲ್ಲ. ಬಾಳೆ ಎಲೆಯ ಮೇಲೆ ಮೂರು, ಐದು, ಏಳು ಎಂದು ಬೆಸ ಲೆಕ್ಕದಲ್ಲಿ ಕಾಯಿಪಲ್ಯ, ಹೊಸ ಅಕ್ಕಿಯ ಕಾಳು ಬೆರೆಸಿದ ಪಾಯಸ. ಒಂದು ವರ್ಷ ಅವರಿಗೆ ಊರಿಗೆ ಹೋಗಲಾಗಲಿಲ್ಲ. ಹಾನಗಲ್ಲ ಭತ್ತದ ಸೀಮೆಯಲ್ಲವೇ? ನಮ್ಮ ವಿದ್ಯಾರ್ಥಿಯೊಬ್ಬ ಹೊಲದಿಂದ ಹಾಲುದುಂಬಿದ ನಾಲ್ಕು ತೆನೆ ತಂದುಕೊಟ್ಟ. ಅವನ್ನು ಬಾಡಿಗೆ ಕೋಣೆಯ ಗೋಡೆಯ ಮೇಲಿನ ಮೇರಿಯಮ್ಮನ ಪಟಕ್ಕೆ ಸಿಕ್ಕಿಸಿ ಹಬ್ಬ ಮಾಡಿದರು. ಶೀಗೀ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಮಗೆ ಇದು ತಿಳಿಯದ ಹಬ್ಬವೇನಲ್ಲ.

ಆದರೆ ಇದೆಲ್ಲ ಸುಲಭವಾಗಿ ಉಳಿದು ಬಂದದ್ದಲ್ಲ. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ, ಇನ್‌ಕ್ವಿಸಿಶನ್, ಶುರುವಾಯಿತು. ಮತಾಂತರವಾದವರು ಹಳೆಯ ಆಚಾರ ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡುವುದು ಅದರ ಕೆಲಸ. 1736ರಲ್ಲಿ ಅದು ಹೊರಡಿಸಿದ ಆಜ್ಞೆಯನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮದುಮಕ್ಕಳಿಗೆ ಅರಿಶಿನ ಹಚ್ಚಕೂಡದು. ಮದುವೆಯಲ್ಲಿ ಎಲೆ ಅಡಿಕೆ ಹಂಚಕೂಡದು. ಮನೆಯ ಹತ್ತಿರ ತುಳಸಿ ಇರಕೂಡದು. ಇಷ್ಟೇ ಅಲ್ಲ, ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಮಾಡಕೂಡದು!

ನೋಡಿ, ಅನ್ನಕ್ಕೆ ಉಪ್ಪು. ಯಾವ ಮನೆಯ ಗಂಡಸಿಗೆ ಗೊತ್ತಿರುತ್ತದೆ ಅನ್ನಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದು? ಅದು ಒಲೆಯ ಮುಂದೆ ಕೂತವಳಿಗೆ ಕೊಟ್ಟ ಆಜ್ಞೆ. ಕುದಿಯುವ ನೀರಿಗೆ ಅಕ್ಕಿ ಹಾಕಿ, ಕೈಯಲ್ಲಿ ಉಪ್ಪು ಹಿಡಿದು, ಬಾಗಿಲ ಕಡೆ ನೋಡುತ್ತ ನಿಂತ ಯಾವಳೋ ಒಬ್ಬಳು ನನ್ನ ಕಣ್ಣಿಗೆ ಕಟ್ಟಿದಳು. ಆ ಅಕ್ಕಿಯೂ ಎಷ್ಟೋ ಸಲ ನಮ್ಮ ಕನ್ನಡ ಕರಾವಳಿಯದೇ. ಬಸರೂರು, ಮಂಗಳೂರು ಬಂದರುಗಳಿಂದ ಅಕ್ಕಿ ಹೋಗದಿದ್ದರೆ ಗೋವೆಯ ಒಲೆ ಹೊತ್ತುತ್ತಿರಲಿಲ್ಲ.

ಬರ, ರೋಗ, ಯುದ್ಧ, ಈ ವಿಚಾರಣೆಯ ಭಯ ಎಲ್ಲ ಸೇರಿ, ಹದಿನಾರನೆಯ ಶತಮಾನದಿಂದ ಎಷ್ಟೋ ಕುಟುಂಬಗಳು ಗೋವೆ ಬಿಟ್ಟು ಕೆನರಾಕ್ಕೆ ಬಂದವು. ಕೆಳದಿಯ ಅರಸರು ಅವರಿಗೆ ನೆಲ ಕೊಟ್ಟರು. ಪೋರ್ತುಗೀಸರ ಜೊತೆ 1671ರಲ್ಲಿ, ಮತ್ತೆ 1678ರಲ್ಲಿ ಮಾಡಿಕೊಂಡ ಒಪ್ಪಂದಗಳಲ್ಲಿ ಇಗರ್ಜಿ ಕಟ್ಟಲು ಒಪ್ಪಿದರು. ಕೆಳದಿಯವರ ಸೀಮೆಯಲ್ಲಿ ಆ ನ್ಯಾಯಾಲಯದ ಕೈ ನಡೆಯುತ್ತಿರಲಿಲ್ಲ. ಅದಕ್ಕೇ ಮಂಗಳೂರು ಕಡೆಯ ಕೆಥೋಲಿಕ ಹೆಂಗಸರಲ್ಲಿ ಕರಿಮಣಿ ಉಳಿಯಿತು, ಮದುವೆಯ ಕೆಂಪು ಸೀರೆ ಉಳಿಯಿತು. ಮದುವೆಯ ಮುನ್ನಾದಿನ ಮದುಮಕ್ಕಳ ತಲೆಗೆ ತೆಂಗಿನ ಹಾಲು ಹಾಕುವ ‘ರೋಸ್’ ಶಾಸ್ತ್ರ ಉಳಿಯಿತು. ನಮ್ಮ ಸುರಿಗಿ ನೀರಿನ ಅಕ್ಕನೋ ತಂಗಿಯೋ ಅದು. ಅಲ್ಲಿಯೂ ಅವರಿಗೆ ನೆಮ್ಮದಿಯೇ ಆಗಿತ್ತೆಂದಲ್ಲ. 1784ರಲ್ಲಿ ಟಿಪ್ಪು ಆ ಸಮಾಜದ ಸಾವಿರಾರು ಜನರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. 1799ರಲ್ಲಿ ಬಿಡುಗಡೆಯಾದಾಗ ಮರಳಿ ಬಂದವರು ಕಡಿಮೆ.

ಇಷ್ಟು ತಿಳಿದ ಮೇಲೆ ನನ್ನ ಹೊಸ್ತಿಲು ನನಗೆ ಬೇರೆಯಾಗಿ ಕಾಣತೊಡಗಿತು. ಅಲ್ಲೊಬ್ಬ ಅಧಿಕಾರಿ ಉಪ್ಪು ಹಾಕು ಎಂದ. ಇಲ್ಲಿ ನಾನು ಯಾವ ಅಧಿಕಾರಿಯೂ ಇಲ್ಲದೆ ಡಬ್ಬಿ ಖಾಲಿ ಮಾಡಿಸಿದೆ. ಎರಡೂ ಒಂದೇ ತೂಕದ್ದಲ್ಲ, ನಿಜ. ಅಲ್ಲಿ ಶಿಕ್ಷೆಯಿತ್ತು, ಇಲ್ಲಿ ಬರೀ ಸಂಕೋಚ. ಆದರೆ ಎರಡು ಕಡೆಗೂ ಬೇಕಾದದ್ದು ಹೆಂಗಸಿನ ಕೈ.

ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ಅವರು ಹುಟ್ಟಿದ್ದು 1509 ಎಂಬ ನಂಬಿಕೆಯಿದೆ, ಅಂದರೆ ಗೋವೆ ಬೀಳುವ ಹಿಂದಿನ ವರ್ಷ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಹೆಚ್ಚು ಎಂದು ಜಗಳ ಬಂದು, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಊಟದಲ್ಲಿ ಮೇಲು ಕೀಳು ಎಣಿಸುವವರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದೆಂದು ಈಗ ಸಸ್ಯಶಾಸ್ತ್ರ ಓದಿದವರು ಹೇಳುತ್ತಾರೆ. ನಮ್ಮ ಸವಣೂರಿನ ಮಠದಲ್ಲಿರುವ ದೊಡ್ಡಹುಣಸೆ ಮರಗಳೂ ಆಫ್ರಿಕದ ಜಾತಿಯವೇ. 2023ರ ಮಳೆಗಾಲದಲ್ಲಿ ಮೂರರಲ್ಲೊಂದು ಉರುಳಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು, ಅದು ಚಿಗುರಿತು. ಪರದೇಶದ ಮರ, ಬಿದ್ದರೆ ಬೀಳಲಿ ಎಂದು ಸವಣೂರಿನ ಒಬ್ಬರೂ ಅನ್ನಲಿಲ್ಲ.

ಗೆಳತಿಗೆ ವರ್ಗವಾದಾಗ ಮನೆಗೆ ಕರೆದೆ. ಡಬ್ಬಿ ಹಿಡಿದೇ ಬಂದರು. ಅತ್ತೆಯವರಿಗೆ ಆಗ ವಯಸ್ಸಾಗಿತ್ತು, ಹಲ್ಲು ಹೋಗಿದ್ದವು.

“ಏನೇನ ಹಾಕೀರಿ ಬಾಯಾರ?” ಎಂದು ಕೇಳಿದರು.

“ಮೈದಾ, ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು, ಅಷ್ಟೇ ಅಮ್ಮ. ಮೊಟ್ಟೆ ಇಲ್ಲ.”

ಅತ್ತೆಯವರು ತಿನ್ನಲಿಲ್ಲ. ಸುಳ್ಳು ಬರೆಯಲಾರೆ. ಆದರೆ ಡಬ್ಬಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಕುಸ್ವಾರ್ ಅನ್ನು ಮೊಮ್ಮಕ್ಕಳಿಗೆಂದು ತಾಟಿಗೆ ಸುರಿದು, ಡಬ್ಬಿಯನ್ನು ತೊಳೆದು ಒರೆಸಿ, ಅದರ ತುಂಬ ಬ್ಯಾಡಗಿ ಮೆಣಸಿನಕಾಯಿ ತುಂಬಿ ತಂದರು. “ಖಾಲಿ ಡಬ್ಬಿ ಕೊಡಬಾರ್ದು. ಇದು ನಮ್ಮ ಕಡೀದು, ಬಣ್ಣ ಭಾಳ ಛಲೋ ಬರ್ತದ” ಎಂದು ಕುಂಕುಮ ಹಚ್ಚಲು ಹೋಗಿ, ತಡೆದು, “ಹಚ್ಚಲೇನವ್ವಾ?” ಎಂದು ಕೇಳಿದರು. ಗೆಳತಿ ಹಣೆ ಮುಂದೆ ಮಾಡಿದರು.

ಬ್ಯಾಡಗಿಯ ಪೇಟೆ ನೋಡಿದವರಿಗೆ ಆ ಬಣ್ಣದ ಮಾತು ತಿಳಿಯುತ್ತದೆ. ಸೋಮವಾರ, ಗುರುವಾರ ಚೀಲಗಳ ಗುಡ್ಡ. ಖಾರ ಕಡಿಮೆ, ಕೆಂಪು ಹೆಚ್ಚು. ಕಡ್ಡಿ, ಡಬ್ಬಿ ಎಂದು ಎರಡು ಜಾತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಅಂದರೆ ಈ ಪರದೇಶದ ಕಾಯಿ ನಮ್ಮ ಮಣ್ಣಿನದೇ ಎಂದು ಸರಕಾರ ಕಾಗದದಲ್ಲಿ ಬರೆದುಕೊಟ್ಟಿತು. ಅದೇ ಕಾಯಿ ಮತ್ತೆ ಘಟ್ಟ ಇಳಿದು ಮಂಗಳೂರಿಗೆ, ಗೋವೆಗೆ ಹೋಗುತ್ತದೆ. ಕೆಥೋಲಿಕರ ಮನೆಯ ಬಫಾತ್ ಪುಡಿಗೆ ಅದೇ ಬೇಕು. ಹಡಗಿನಿಂದ ಯಾವ ದಂಡೆಗೆ ಇಳಿಯಿತೋ ಅದೇ ದಂಡೆಗೆ ಬಾಣಂತನ ಮುಗಿಸಿದ ಮಗಳ ಹಾಗೆ ಕೆಂಪಗೆ ತುಂಬಿಕೊಂಡು ಹೋಗುತ್ತದೆ.

ಅತ್ತೆಯವರು ಈಗಿಲ್ಲ. ಅವರ ಶ್ರಾದ್ಧಕ್ಕೆ ನಾನು ಕರಿಮೆಣಸಿನ ಸಾರನ್ನೇ ಮಾಡುತ್ತೇನೆ. ಅದನ್ನು ಬಿಡುವ ಮನಸ್ಸಿಲ್ಲ. ಐದುನೂರು ವರ್ಷದ ಹಿಂದಿನ ರುಚಿ ನಮ್ಮ ಮನೆಯಲ್ಲಿ ಉಳಿದದ್ದು ಆ ಒಂದು ಪಾತ್ರೆಯಲ್ಲಿ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಬಸ್ಸಿಗೆ ಐದು ಕಿಲೊ ಮೆಣಸಿನಕಾಯಿ ಹಾಕಿಸುತ್ತೇನೆ. ಜನವರಿಯಲ್ಲಿ ಅತ್ತ ಕಡೆಯಿಂದ ಡಬ್ಬಿ ಬರುತ್ತದೆ. ಈಗ ಅದರಲ್ಲಿ ಚಕ್ಕುಲಿಯೂ ಇರುತ್ತದೆ. ಬಸ್ಸಿನಲ್ಲಿ ಪುಡಿಯಾಗಿರುತ್ತದೆ. ಆ ಪುಡಿಯನ್ನೂ ಬಿಡದೆ ತಿನ್ನುತ್ತೇನೆ.